ಮಾವನವರ ಕಾರೂ ನನ್ನ ಮರಾಠಿಯೂ

ನನಗೆ ಮರಾಠಿ ಚೆನ್ನಾಗಿ ಬರುತ್ತದೆ ಎಂಬ ವಿಷಯ ಇಡೀ ಪುಣೆಯಲ್ಲಿ ನನ್ನೊಬ್ಬನಿಗೆ ಮಾತ್ರ ಗೊತ್ತಿತ್ತು. ಕಂಪನಿಯವರು ವರ್ಗ ಮಾಡಿ ಕಳಿಸಿದ ಎರಡೇ ತಿಂಗಳಲ್ಲಿ ನಾನು ಆ ಭಾಷೆಯ ಗುಟ್ಟನ್ನು ಕಂಡುಹಿಡಿದುಬಿಟ್ಟಿದ್ದೆ. ಅರ್ಧ ಮಾತು ಕನ್ನಡದ್ದೇ. ಉಳಿದರ್ಧ ಹಿಂದಿಯದು. ಕೊನೆಗೆ ಒಂದು 'ಆಹೇ' ಉದುರಿಸಿದರೆ ಮುಗಿಯಿತು, ಮರಾಠಿ ಸಿದ್ಧ! ತಿಪಟೂರಿನಲ್ಲಿ ಹುಟ್ಟಿ ಬೆಳೆದವನಿಗೆ ಇದಕ್ಕಿಂತ ಹೆಚ್ಚಿನ ಪಾಂಡಿತ್ಯ ಯಾಕೆ ಬೇಕು?

ನನ್ನ ಹೆಂಡತಿ ಸುನಂದಾ ಸೊಲ್ಲಾಪುರದ ಕನ್ನಡದವಳು. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಎರಡೂ ನೀರು ಕುಡಿದಷ್ಟು ಸಲೀಸು. ಹಡಪಸರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ನಾನು ಯಾರ ಜೊತೆಗಾದರೂ ಮರಾಠಿ ಮಾತಾಡಲು ಬಾಯಿ ತೆರೆದ ಕೂಡಲೇ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಬಹಳ ದಿನ ನಾನು ಅದನ್ನು ಲಜ್ಜೆ ಎಂದು ತಿಳಿದಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಸೊಲ್ಲಾಪುರದಲ್ಲಿ ವಕೀಲರಾಗಿದ್ದ ನನ್ನ ಮಾವನವರ ಹತ್ತಿರ ಒಂದು ಪುಟ್ಟ ಕಪ್ಪು ವಿಲಾಯತಿ ಕಾರಿತ್ತು. ವಯಸ್ಸಿನಲ್ಲಿ ನನಗಿಂತ ಹಿರಿಯದು, ಮನೆಯಲ್ಲಿ ಮರ್ಯಾದೆಯೂ ಅದಕ್ಕೇ ಹೆಚ್ಚು. ಕಣ್ಣು ಮಂಜಾಗಿ ಓಡಿಸಲು ಆಗುವುದಿಲ್ಲವೆಂದಾದಾಗ ಅವರು ಅದನ್ನು ಮಗಳಿಗೆ ಕೊಟ್ಟರು. ಮಗಳಿಗೆ, ಅಳಿಯನಿಗಲ್ಲ. ಇದನ್ನು ಅವರು ಎರಡು ಸಲ ಹೇಳಿದರು.

ಸುನಂದಾಳೇ ಅದನ್ನು ಸೊಲ್ಲಾಪುರದಿಂದ ಓಡಿಸಿಕೊಂಡು ಬಂದಳು. ಇಂದಾಪುರದ ತನಕ ಕಾರು ರಾಜಗಾಂಭೀರ್ಯದಿಂದ ಬಂತು. ಅಲ್ಲಿ ಕಬ್ಬಿನ ಟ್ರಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಹಾಕಿಕೊಂಡಾಗ ಎರಡನೆಯ ಗಿಯರು ತಾನಾಗಿಯೇ ಕಳಚಿಕೊಳ್ಳತೊಡಗಿತು. ಹಾಕಿದರೆ ಟಣ್ ಎಂದು ಹೊರಗೆ! ಕೊನೆಗೆ ಗಿಯರಿನ ಕಡ್ಡಿಯನ್ನು ಎರಡೂ ಕೈಯಿಂದ ಅದುಮಿ ಹಿಡಿದುಕೊಳ್ಳುವ ಉದ್ಯೋಗ ನನ್ನ ಪಾಲಿಗೆ ಬಂತು. ಕಾಲ ಕೆಳಗಿನ ತಗಡು ತುಕ್ಕು ಹಿಡಿದು ಜರಡಿಯಾಗಿತ್ತು, ಅದರೊಳಗಿಂದ ರಸ್ತೆ ಓಡುವುದು ಕಾಣುತ್ತಿತ್ತು. ಕುರಕುಂಭ ದಾಟುವಾಗ ನನ್ನ ಎಡಗಾಲಿನ ಚಪ್ಪಲಿ ಆ ತೂತಿನಿಂದ ಸೊಲ್ಲಾಪುರ ಹೆದ್ದಾರಿಗೆ ಸಮರ್ಪಣೆಯಾಯಿತು. ಮನೆಗೆ ಬಂದ ಕಾರು ಕಾಂಪೌಂಡಿನ ಬೇವಿನ ಮರದ ಕೆಳಗೆ ನಿಂತದ್ದು ನಿಂತೇ ಬಿಟ್ಟಿತು.

ಹಾಗೆ ಆರು ತಿಂಗಳು ನಿಂತಿದ್ದಾಗ ಸೊಲ್ಲಾಪುರದಿಂದ ಫೋನು ಬಂತು. ಮಾವನವರ ಕಣ್ಣಿನ ಆಪರೇಷನ್ನು ಪುಣೆಯಲ್ಲೇ ಮಾಡಿಸುವುದೆಂದು ನಿಶ್ಚಯವಾಗಿತ್ತು. ಮೂರು ವಾರದಲ್ಲಿ ಅವರು ರೈಲಿನಲ್ಲಿ ಬರುವವರು. ಫೋನಿಟ್ಟ ಸುನಂದಾ ಕಿಟಕಿಯಿಂದ ಕಾರನ್ನೇ ನೋಡುತ್ತ ನಿಂತಳು.

"ನಾ ಹುಟ್ಟಿದಾಗ ಅಪ್ಪ ನನ್ನ ದವಾಖಾನಿಯಿಂದ ಇದೇ ಗಾಡಿಯೊಳಗ ಮನಿಗಿ ತಂದಾರ್ರೀ. ಈಗ ಅಪ್ಪನ್ನ ದವಾಖಾನಿಗಿ ನಾ ಇದೇ ಗಾಡಿಯೊಳಗ ಕರಕೊಂಡು ಹೋಗಬೇಕು. ರಿಕ್ಷಾದೊಳಗ ಕರಕೊಂಡು ಹೋಗೂದಿಲ್ಲ."

ಅವಳು ಏನನ್ನೂ ಕೇಳುವವಳಲ್ಲ. ಮದುವೆಯಾಗಿ ಹದಿಮೂರು ವರ್ಷದಲ್ಲಿ ಇಷ್ಟು ಉದ್ದ ಕೇಳಿದ್ದು ಇದೇ ಮೊದಲು. "ಇಷ್ಟೇ ತಾನೆ? ನನಗೆ ಬಿಡು," ಎಂದೆ. ಮುಂದಿನ ಅನಾಹುತವೆಲ್ಲ ಹುಟ್ಟಿದ್ದು ಆ ಕೊನೆಯ ಎರಡು ಶಬ್ದಗಳಿಂದ.

ಈಗ ಎಲ್ಲಿ ನೋಡಿದರೂ ಗಾಜಿನ ಕಟ್ಟಡಗಳೇ ಇರುವ ಖರಾಡಿಯಲ್ಲಿ ಆಗ ಜೋಳದ ಹೊಲವಿತ್ತು. ಹೊಲದ ಪಕ್ಕ ಶಿಂದೆ ಮಿಸ್ತ್ರಿಯ ಗ್ಯಾರೇಜಿತ್ತು. ಹಳೆಯ ಗಾಡಿಗಳ ನಾಡಿ ಹಿಡಿದು ನೋಡುವವರೆಂದು ಹೆಸರಾದವರು. ಮನೆಗೆ ಕರೆತಂದೆ. ಅವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ತಳ ನೋಡಿ, ನಿಟ್ಟುಸಿರು ಬಿಟ್ಟು ಹೇಳಿದರು: "ಭಂಗಾರ್ ಆಹೇ ಸಾಹೇಬ್! ಪೂರ್ಣ ಭಂಗಾರ್!"

ನನ್ನ ರೋಮ ನಿಮಿರಿತು. ಬಂಗಾರ! ಪರರಾಜ್ಯದ ಮಿಸ್ತ್ರಿಯ ಬಾಯಲ್ಲಿ ಮಾವನವರ ಕಾರಿಗೆ ಇಂಥ ಪ್ರಶಸ್ತಿ! "ಹೋಯ್ ಹೋಯ್! ಸಾಸರೇಬುವಾಂಚೆ ಆಹೇ!" ಮಾವನವರದ್ದು ಎಂದು ಎದೆಯುಬ್ಬಿಸಿ ಹೇಳಿದೆ. ಶಿಂದೆ ನನ್ನನ್ನು ಒಂದು ಥರಾ ನೋಡಿದರು. ಸುನಂದಾಳ ಸೆರಗು ಬಾಯಿಗೆ ಹೋಯಿತು.

ಅವರು ಹೋದ ಮೇಲೆ ಅವಳು ಹೇಳಿದಳು: "ಮರಾಠಿಯೊಳಗ ಭಂಗಾರ ಅಂದ್ರ ಗುಜರಿ ಸಾಮಾನು ರೀ."

ಇರಬಹುದು. ಒಂದು ಶಬ್ದ ಕೈಕೊಟ್ಟಿತೆಂದು ಇಡೀ ಭಾಷೆಯನ್ನೇ ಬಿಟ್ಟುಬಿಡಲಾದೀತೆ?

ಆ ಶನಿವಾರ ಶಿಂದೆ ಸಾಮಾನಿನ ಚೀಲದೊಂದಿಗೆ ಬಂದರು. ಸೀಟುಗಳನ್ನು ಕಿತ್ತರು. ನೆಲದ ತಗಡನ್ನು ಎಬ್ಬಿಸಿದರೆ ಅರ್ಧ ತಗಡು ಬಂತು, ಅರ್ಧ ಪುಡಿ ಬಂತು. ಕಾರಿನಡಿ ತೂರಿ, ಗಿಯರ್‌ಬಾಕ್ಸಿಗೆ ಜಾಕು ಕೊಟ್ಟು, ಎಂಜಿನ್ನಿಗೆ ಕಚ್ಚಿಸಿದ್ದ ಬೋಲ್ಟುಗಳನ್ನೆಲ್ಲ ಬಿಚ್ಚಿ ಬಾಕ್ಸನ್ನು ಬೇರೆ ಮಾಡಿದರು. ಅದು ಜಾಕಿನ ಮೇಲೆ ಕುಳಿತಿತ್ತು. ಅಷ್ಟರಲ್ಲಿ ಅವರ ತಮ್ಮ ಮೋಟಾರ್ ಸೈಕಲ್ಲಿನಲ್ಲಿ ಬಂದು ನಿಂತ. ಊರಲ್ಲಿ ಅವರ ಹಿರಿಯಣ್ಣನ ಮಗಳ ನಿಶ್ಚಿತಾರ್ಥ, ಹೊರಡಲೇಬೇಕು. ಶಿಂದೆ ಕೈಯೊರೆಸಿಕೊಳ್ಳುತ್ತ ನನಗೆ ಒಂದೇ ಒಂದು ವಾಕ್ಯ ಹೇಳಿದರು:

"ಸಾಹೇಬ್, ಬಾಕ್ಸ್ ಖಾಲೀ ಕಾಢೂನ್ ಠೇವಾ. ಉದ್ಯಾ ಯೇತೋ."

ನಾಳೆ ಬರುತ್ತೇನೆ, ಅಷ್ಟರಲ್ಲಿ ಬಾಕ್ಸನ್ನು ಖಾಲಿ ಮಾಡಿಡಿ. ಇದಕ್ಕಿಂತ ಸುಲಭವಾದ ಮರಾಠಿ ಯಾವುದಿದೆ? "ಸಮಜಲಾ, ಸಮಜಲಾ! ಏಕದಮ್ ಖಾಲೀ!" ಎಂದು ಅಭಯಹಸ್ತ ತೋರಿಸಿದೆ. ಸುನಂದಾ ಶಾಲೆಯಲ್ಲಿ ಪಾಲಕರ ಸಭೆಗೆ ಹೋಗಿದ್ದಳು. ಸೆರಗು ಬಾಯಿಗೆ ಅಡ್ಡ ಹಿಡಿಯಲು ಮನೆಯಲ್ಲಿ ಯಾರೂ ಇರಲಿಲ್ಲ.

ಜಾಕಿಳಿಸಿ ಬಾಕ್ಸನ್ನು ಹೊರಗೆಳೆದೆ. ಮೊದಲು ಎಣ್ಣೆ ಖಾಲಿ ಮಾಡಿದೆ. ಕಾಕಂಬಿಯ ಹಾಗೆ ಕಪ್ಪಗೆ ಇಳಿದು ಹಿಟ್ಟು ಕಲಸುವ ಬೋಗುಣಿಯ ತುಂಬ ಬಂತು. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ನಾನು ಕುರಕುಂಭದ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಮ್ಯಾನೇಜರು. ನಮ್ಮಲ್ಲಿ ಖಾಲಿ ಎಂದರೆ ಖಾಲಿ. ಮುಚ್ಚಳದ ಸ್ಕ್ರೂ ಬಿಚ್ಚಿ ಇಣುಕಿದೆ. ಒಳಗೆ ಹಲ್ಲಿನ ಚಕ್ರಗಳು ಒತ್ತೊತ್ತಾಗಿ ಕೂತಿದ್ದವು. ಎಲ್ಲಿ ಖಾಲಿಯಾಗಿದೆ ಇದು!

ಶುರುವಾಯಿತು ಕಾರ್ಯಾಚರಣೆ. ಒಂದು ಸ್ಕ್ರೂಡ್ರೈವರು, ಒಂದು ಪಾನಾ, ತೆಂಗಿನಕಾಯಿ ಒಡೆಯುವ ಕಲ್ಲು. ಮೊದಮೊದಲು ಭಾಗಗಳು ನಾಚಿಕೊಂಡವು. ಒಂದು ಸಲ ದಾರಿ ಸಿಕ್ಕ ಮೇಲೆ ಅವೇ ಹೊರಗೆ ಬರತೊಡಗಿದವು. ಒಂದು ಕೊಳವೆಯನ್ನು ಸರಿಸಿದ್ದೇ ತಡ, ಪುಟ್ಟ ಸ್ಪ್ರಿಂಗುಗಳೂ ಸಾಸಿವೆಗಿಂತ ತುಸು ದಪ್ಪನೆಯ ಉಕ್ಕಿನ ಗುಂಡುಗಳೂ ಫಟ್ ಫಟ್ ಎಂದು ವರಾಂಡದ ತುಂಬ ಹಾರಿದವು. ಮಂಡಿಯೂರಿ ಎಲ್ಲವನ್ನೂ ಹೆಕ್ಕಿದೆ. ಹೆಕ್ಕಿದ್ದನ್ನು ರಾಶಿ ಹಾಕುವ ಜಾತಿಯವನಲ್ಲ ನಾನು. ಇಪ್ಪತ್ತು ವರ್ಷದ ಸರ್ವಿಸಿನ ಶಿಸ್ತಿನಿಂದ ಎಲ್ಲವನ್ನೂ ಗಾತ್ರಕ್ಕೆ ಅನುಸಾರವಾಗಿ ವಿಂಗಡಿಸಿದೆ. ಚಕ್ರಗಳೆಲ್ಲ ದೊಡ್ಡದರಿಂದ ಚಿಕ್ಕದಕ್ಕೆ ಒಂದು ಸಾಲು. ವಾಷರುಗಳೆಲ್ಲ ಒಂದು ದಾರದಲ್ಲಿ. ಸ್ಪ್ರಿಂಗು, ಪಿನ್ನು, ಗುಂಡುಗಳಿಗೆ ಸುನಂದಾಳ ಮಸಾಲೆ ಡಬ್ಬಿಯ ಏಳು ಬಟ್ಟಲು. ಒಳಗಿದ್ದ ಸಾಸಿವೆ ಜೀರಿಗೆಗಳನ್ನು ಕಾಗದದ ಪೊಟ್ಟಣಗಳಿಗೆ ವರ್ಗಾಯಿಸಿದೆ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿದೆ: 'ಗುಂಡು, ಸಣ್ಣ', 'ಗುಂಡು, ಇನ್ನೂ ಸಣ್ಣ'.

ಪಕ್ಕದ ಮನೆಯ ಶೆಟ್ಟರು ಬೇಲಿಯ ಮೇಲಿಂದ ಇಣುಕಿದರು. ಕುಂದಾಪುರದ ಕಡೆಯವರು, ಪೇಟೆಯಲ್ಲಿ ಅವರ ಹೋಟೆಲ್ಲಿತ್ತು.

"ಎಂಥದು ಮಾರಾಯ್ರೆ, ಗ್ರೈಂಡರ್ ರಿಪೇರಿಯಾ?"

"ಗಿಯರ್‌ಬಾಕ್ಸು."

"ಅಷ್ಟೆಲ್ಲ ಬಿಚ್ಚಲಿಕ್ಕೆ ಉಂಟಾ ಅದು?"

"ಮಿಸ್ತ್ರಿಯ ಅಪ್ಪಣೆ."

"ಹೌದಾ?" ಎಂದು ಶೆಟ್ಟರು ಗುಂಡುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಅವರ ಆ 'ಹೌದಾ' ನನಗೆ ಹಿಡಿಸಲಿಲ್ಲ.

ಸಂಜೆ ಸುನಂದಾ ಬಂದಳು. ಬಾಗಿಲಲ್ಲೇ ನಿಂತಳು. ಕೈಯಲ್ಲಿದ್ದ ಚೀಲ ಕೆಳಗಿಟ್ಟಳು.

"ಏನ್ ಮಾಡೀರಿ ಇದು?"

"ಮಿಸ್ತ್ರಿ ಹೇಳಿದ್ದು. ಖಾಲೀ ಕಾಢೂನ್ ಠೇವಾ ಅಂತ. ನೋಡು, ಒಂದು ಕಾಳೂ ಬಿಟ್ಟಿಲ್ಲ."

ಸೆರಗು ಈ ಸಲ ಬಾಯಿಗೆ ಹೋಗಲಿಲ್ಲ. ಅವಳು ಹಣೆಗೆ ಕೈ ಹಚ್ಚಿ ಮೆಟ್ಟಿಲ ಮೇಲೆ ಕೂತಳು.

"ಮರಾಠಿಯೊಳಗ ಖಾಲಿ ಅಂದ್ರ ಕೆಳಗ ರೀ! ಕೆಳಗ! ಬಾಕ್ಸ್ ಕೆಳಗ ಇಳಿಸಿಡ್ರಿ ಅಂತ ಹೇಳ್ಯಾನ ಅವಾ. ಜಾಕ್ ಇಳಿಸಿದ್ರ ಮುಗೀತಿತ್ತು!"

ಎಂಟು ಗಂಟೆಗಳ ನನ್ನ ದುಡಿಮೆಯಲ್ಲಿ ಅಗತ್ಯವಿದ್ದದ್ದು ಮೊದಲ ಎರಡು ನಿಮಿಷ ಮಾತ್ರ!

ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವಳು ಬೈಯಲಿಲ್ಲ. ಒಂದು ಹಲ್ಲಿನ ಚಕ್ರವನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಮತ್ತೆ ಅದರ ಜಾಗದಲ್ಲೇ ಇಟ್ಟು, "ಅಪ್ಪ ಬರೂ ತನಕ ಇನ್ನ ಹದಿನೇಳು ದಿನ ಅದ," ಎಂದಳು. ಬೈದಿದ್ದರೇ ಚೆನ್ನಾಗಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನ ಶಿಂದೆ ಬಂದರು. ವರಾಂಡದ ಆ ಪ್ರದರ್ಶನವನ್ನು ಕಂಡು ನೀರು ಕೇಳಿದರು. ಕುಡಿದು ಮತ್ತೊಂದು ಲೋಟ ಕೇಳಿದರು. ಆಮೇಲೆ ಸುನಂದಾಳ ಕಡೆ ತಿರುಗಿ ಮೆಲ್ಲಗೆ ಏನೋ ಹೇಳಿದರು. ನಾನು ಅರ್ಥ ಮಾಡಿಕೊಳ್ಳುವ ಸಾಹಸಕ್ಕೆ ಹೋಗದೆ ಹೆಂಡತಿಯ ಮುಖ ನೋಡಿದೆ.

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ಲಿಕತ್ತಾರಂತ. ಇಷ್ಟು ಸ್ವಚ್ಛ ಹಾಳು ಮಾಡಿದ್ದು ಎಲ್ಲೂ ನೋಡಿಲ್ಲಂತ."

ಕಷ್ಟ ಏನೆಂದರೆ, ಬಿಚ್ಚಿದ ಕ್ರಮದಲ್ಲಿ ಇಟ್ಟಿದ್ದರೆ ಶಿಂದೆ ಅರ್ಧ ದಿನದಲ್ಲಿ ಜೋಡಿಸಿಬಿಡುತ್ತಿದ್ದರು. ನಾನು ಗಾತ್ರದ ಕ್ರಮದಲ್ಲಿ ಇಟ್ಟಿದ್ದೆ. ಯಾವ ವಾಷರು ಯಾವ ಚಕ್ರದ ಬೆನ್ನಿಗಿತ್ತು ಎಂಬುದು ಆ ಕಾರು ಮಾಡಿದ ಬಿಳಿಯನಿಗೆ ಮಾತ್ರ ಗೊತ್ತು. ಶಿಂದೆ ತಲೆ ಕೆರೆದುಕೊಂಡರು. ಸುನಂದಾ ಸೆರಗು ಸಿಕ್ಕಿಸಿ ಅವರ ಎದುರು ಕೂತಳು. ಅಲ್ಲಿಂದ ಹತ್ತು ದಿನ, ಶಾಲೆ ಮುಗಿಸಿ ಬಂದವಳೇ ಒಂದೊಂದು ವಾಷರಿನ ಸವೆತವನ್ನು ಒಂದೊಂದು ಚಕ್ರದ ಸವೆತಕ್ಕೆ ಹಚ್ಚಿ ನೋಡುವುದು, ಹೊಂದಿದರೆ ಶಿಂದೆಗೆ ದಾಟಿಸುವುದು. ಅವರಿಬ್ಬರ ನಡುವೆ ಮರಾಠಿ ಸರಾಗವಾಗಿ ಹರಿಯುತ್ತಿತ್ತು. ಎರಡನೆಯ ಗಿಯರು ಕಳಚಿಕೊಳ್ಳುತ್ತಿದ್ದ ಕಾರಣವೂ ಸಿಕ್ಕಿತು, ಸವೆದ ಒಂದು ಬಳೆ. ಹೊಸದನ್ನು ಹಾಕಿದರು. ನನ್ನ ಪಾಲಿಗೆ ಚಹಾ ಮಾಡಿಕೊಡುವ ಖಾತೆ ಬಂತು.

ಕೊನೆಗೆ ಒಂದು ಗುಂಡು ಕಡಿಮೆ ಬಿತ್ತು. ವರಾಂಡ ಗುಡಿಸಿದೆವು, ತುಳಸಿಯ ಕುಂಡ ಕೆದಕಿದೆವು. ಸಿಗಲಿಲ್ಲ. ಅದು ಸಾಸಿವೆಯ ಪೊಟ್ಟಣದೊಳಗೆ ಸೇರಿಕೊಂಡು, ಒಗ್ಗರಣೆಯಲ್ಲಿ ಸಿಡಿಯದೆ ಉಳಿದು, ಬುಧವಾರದ ಸಾರಿನಲ್ಲಿ ಸಿಕ್ಕಿತು. ನನ್ನ ದವಡೆ ಹಲ್ಲಿಗೆ!

ಇಷ್ಟಾದ ಮೇಲೆ ನನ್ನ ಮಾನ ಉಳಿಯಲು ಒಂದೇ ದಾರಿಯಿತ್ತು, ಕಾರಿನ ನೆಲ. ಹಳೆಯ ತಗಡಿನ ನಮೂನೆ ಎಲ್ಲೂ ಸಿಗಲಿಲ್ಲ. "ಸದ್ಯಕ್ಕೆ ಹಲಗೆ ಹಾಕಿದರೆ ನಡೆಯುತ್ತದೆ," ಎಂದು ಶಿಂದೆ ಹೇಳಿದ್ದನ್ನು ಸುನಂದಾಳಿಂದ ಎರಡು ಸಲ ಅನುವಾದ ಮಾಡಿಸಿ ಖಾತ್ರಿ ಮಾಡಿಕೊಂಡೆ. ಶೆಟ್ಟರು ಹೋಟೆಲಿನ ಗೋಡೆಯಿಂದ ಇಳಿಸಿದ್ದ ದಪ್ಪ ಪ್ಲೈವುಡ್ಡಿನ ಹಳೆಯ ಫಲಕವೊಂದನ್ನು ಕೊಟ್ಟರು. ಗಿರಾಕಿಗಳು ಪಾಲಿಸಬೇಕಾದ ನಿಯಮಗಳನ್ನೆಲ್ಲ ಅದರ ಒಂದು ಮಗ್ಗುಲಲ್ಲಿ ಮರಾಠಿಯಲ್ಲಿ ಕೆಂಪಗೆ ಬರೆಸಿದ್ದರು. ಈ ಊರಿನಲ್ಲಿ ಫಲಕವಿಲ್ಲದ ಗೋಡೆಯಿಲ್ಲ. ಬರಹದ ಮಗ್ಗುಲನ್ನು ಕೆಳಗೆ ಮಾಡಿ ಹಾಕಿದರೆ ಯಾರಿಗೂ ಕಾಣುವುದಿಲ್ಲವೆಂದು ಲೆಕ್ಕ ಹಾಕಿದೆ.

ಕಾರಿನಡಿ ಅಂಗಾತ ಮಲಗಿ, ತಳಕ್ಕೆ ಹಳೆಯ ಪತ್ರಿಕೆ ಒತ್ತಿ ಹಿಡಿದು, ಪೆಡಲುಗಳು ಬರುವ ಜಾಗಕ್ಕೆಲ್ಲ ಪೆನ್ಸಿಲಿನಿಂದ ಗುರುತು ಹಾಕಿದೆ. ಆ ಗುರುತನ್ನು ಹಲಗೆಯ ಬರಹವಿಲ್ಲದ ಮಗ್ಗುಲಿಗೆ ಇಳಿಸಿ ಬಡಗಿಯಿಂದ ಕೊಯ್ಯಿಸಿ ತಂದೆ. ಮುಂದೊಂದು ತುಂಡು, ಹಿಂದೊಂದು ತುಂಡು. ಅಂಚು ಉಜ್ಜಿ ನಯ ಮಾಡಿದೆ. ಶಿಂದೆ, ಸುನಂದಾ, ಬೇಲಿಯಾಚೆ ಶೆಟ್ಟರು, ಎಲ್ಲರ ಸಮ್ಮುಖದಲ್ಲಿ ಕಾರಿನೊಳಗಿಟ್ಟೆ.

ಪೆಡಲುಗಳು ಬಲಕ್ಕಿದ್ದವು. ತೂತುಗಳು ಎಡಕ್ಕಿದ್ದವು!

ಕೆಳಗಿನಿಂದ ನೋಡಿ ಬರೆದದ್ದನ್ನು ಮೇಲಿನಿಂದ ಹಾಕಿದರೆ ಎಡಬಲ ಅದಲುಬದಲಾಗುತ್ತದೆ ಎಂಬ ಜ್ಞಾನೋದಯ ನನಗೆ ಆಗಷ್ಟೇ ಆಯಿತು. ಮಾವನವರು ಕಾಲಿಡಬೇಕಾದ ಜಾಗದಲ್ಲಿ ಸಾಲಾಗಿ ಮೂರು ಕಂಡಿಗಳು. ಗಾಡಿಯನ್ನು ಎಡಗಡೆಯಿಂದ ಓಡಿಸುವ ದೇಶಗಳೂ ಇವೆಯಲ್ಲ ಎಂದು ಹೇಳಲು ಬಾಯಿ ತೆರೆದು ಮುಚ್ಚಿದೆ. ಶಿಂದೆ ನೀರು ಕೇಳಿದರು.

ಸುನಂದಾ ಮಾತ್ರ ಹಲಗೆಯನ್ನು ಒಂದು ಕ್ಷಣ ನೋಡಿದಳು. "ತಿರುವಿ ಹಾಕ್ರಿ," ಎಂದಳು.

ಎರಡೂ ತುಂಡುಗಳನ್ನು ತಿರುವಿ ಹಾಕಿದೆವು. ಪೆಡಲುಗಳು ಕರೆದು ಕೂರಿಸಿದ ಹಾಗೆ ತೂತಿನೊಳಗೆ ಬಂದವು. ಎಲ್ಲ ಸರಿಹೋಯಿತು, ಒಂದನ್ನು ಬಿಟ್ಟು. ಬರಹ ಮೇಲೆ ಬಂತು. ಮುಂದಿನ ಸೀಟಿನ ಕಾಲಡಿ 'ಮೇಜಿನ ಮೇಲೆ ಕೈ ತೊಳೆಯಬಾರದು', ಹಿಂದಿನ ಸೀಟಿನ ಕಾಲಡಿ 'ವಿನಾಕಾರಣ ಬಸೂ ನಯೇ', ಅಂದರೆ ಕಾರಣವಿಲ್ಲದೆ ಕೂರಬಾರದು. ಎರಡನ್ನೂ ಓದಿ ಅರ್ಥ ಹೇಳಿದವಳು ಸುನಂದಾ. ನಾನು ಪ್ರಯತ್ನಿಸಲಿಲ್ಲ.

ಮಾವನವರು ಬರುವ ಹಿಂದಿನ ದಿನ ಕಾರು ಬೇವಿನ ಮರದ ಕೆಳಗಿನಿಂದ ತನ್ನ ಬಲದಿಂದಲೇ ಹೊರಬಂತು. ಮೊದಲನೆಯ ಗಿಯರು, ಎರಡನೆಯದು, ಮೂರನೆಯದು, ಟಣ್ ಎನ್ನಲಿಲ್ಲ. ಸುನಂದಾ ಓಣಿಯ ತುದಿಯ ತನಕ ಹೋಗಿ ತಿರುಗಿ ಬಂದಳು. ಇಳಿದವಳ ಕಣ್ಣು ಒದ್ದೆಯಾಗಿತ್ತು. ಶಿಂದೆ ಹೊರಡುವಾಗ ಒಂದು ಎಚ್ಚರಿಕೆ ಕೊಟ್ಟರು. ಹಿಂದಿನ ಹಲಗೆಯ ಅಡಿಯ ಪಟ್ಟಿ ಬಡವಾಗಿದೆ. ಹೊಸದನ್ನು ಬೆಸೆಯುವ ತನಕ ಹಿಂದೆ ಒಬ್ಬ ಆಳು, ಇಲ್ಲವೇ ಒಂದು ಮೂಟೆ. ಎರಡೂ ಒಟ್ಟಿಗೆ ಬೇಡ.

ಮರುದಿನ ಸ್ಟೇಷನ್ನಿಗೆ ಇಬ್ಬರೂ ಹೋದೆವು. ಮಾವನವರು ಕೋಲು ಊರಿಕೊಂಡು ರೈಲಿನಿಂದ ಇಳಿದರು. ಹಿಂದೆ ಕೂಲಿಯವನ ತಲೆಯ ಮೇಲೆ ಒಂದು ದೊಡ್ಡ ಮೂಟೆ. ಬಿಳಿಜೋಳ, ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ. ಕಾರಿನ ಹತ್ತಿರ ಬಂದಾಗ ಅವರಿಗೆ ಅದು ಸರಿಯಾಗಿ ಕಾಣಲಿಲ್ಲ. ಬಾನೆಟ್ಟಿನ ಮೇಲೆ ಕೈಯಾಡಿಸಿದರು. ದೀಪದ ಸುತ್ತಿನ ಬಳೆ ಮುಟ್ಟಿದರು.

"ನಮ್ಮ ಗಾಡಿ ಏನವಾ ಇದು?"

"ಹೌದಪ್ಪಾ. ಕೂಡ್ರಿ."

ಅವರು ಮುಂದೆ ಕೂತರು. ನಾನು ಹಿಂದೆ ಕೂತೆ. ಕೂಲಿಯವನು ಮೂಟೆ ಹಿಡಿದು ಬಾಗಿಲಲ್ಲಿ ನಿಂತ. ಸುನಂದಾ ಮೂಟೆಯನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ಕೆಳಗೆ ನೋಡಿದೆ. ನನ್ನ ಎರಡು ಪಾದಗಳ ನಡುವೆ ಕೆಂಪಕ್ಷರಗಳು ಸ್ಪಷ್ಟವಾಗಿದ್ದವು. ನನ್ನ ಹತ್ತಿರ ಯಾವ ಕಾರಣವೂ ಇರಲಿಲ್ಲ. ಇಳಿದೆ.

ಮೂಟೆ ಕಾರಿನಲ್ಲಿ ಹೋಯಿತು. ನಾನು ಬಸ್ಸಿನಲ್ಲಿ ಬಂದೆ. ಕಂಬಿ ಹಿಡಿದು ನಿಂತಿದ್ದವನಿಗೆ ಒಂದು ಸಿಗ್ನಲ್ಲಿನ ಬಳಿ ಕಿಟಕಿಯಿಂದ ನಮ್ಮ ಕಾರು ಕಂಡಿತು. ಮಾವನವರು ಮುಖವನ್ನು ಗಾಳಿಗೆ ಒಡ್ಡಿ ಏನೋ ಹೇಳುತ್ತಿದ್ದರು, ಸುನಂದಾ ನಗುತ್ತಿದ್ದಳು. ಹಸಿರು ದೀಪ ಬಿತ್ತು. ಕಾರು ಒಂದು ಚೂರೂ ಜಗ್ಗದೆ ಮುಂದೆ ಹೋಯಿತು. ನನಗೆ ಬಹಳ ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಆ ಜೋಳದ ಮೂಟೆಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮನೆ ಮುಟ್ಟಿದಾಗ ಮಾವನವರು ವರಾಂಡದ ಕುರ್ಚಿಯಲ್ಲಿ ಕೂತು ಶೆಟ್ಟರಿಗೆ ಹೇಳುತ್ತಿದ್ದರು: "ಗಿಯರ್‌ಬಾಕ್ಸ್ ಎಲ್ಲಾ ಬಿಚ್ಚಿ ಜೋಡಿಸ್ಯಾರಂತ್ರೀ ನಮ್ಮ ಅಳಿಯಂದ್ರು! ನೆಲಾನೂ ಅವರೇ ಮಾಡಿಸ್ಯಾರಂತ. ನಮ್ಮ ಮಗಳು ದಾರಿತುಂಬ ಅದನ್ನೇ ಹೇಳ್ಕೋತ ಬಂದ್ಳು. ಭಾಳ ಶ್ಯಾಣ್ಯಾ ಇದ್ದಾರ ಬಿಡ್ರಿ!"

"ಹೌದಾ?" ಎಂದರು ಶೆಟ್ಟರು.

ನಾನು ಸುನಂದಾಳ ಕಡೆ ನೋಡಿದೆ. ಅವಳು ಜೋಳದ ಮೂಟೆಯ ಬಾಯಿ ಬಿಚ್ಚುವುದರಲ್ಲಿ ಮಗ್ನಳಾಗಿದ್ದಳು. ಅವಳು ಅಪ್ಪನಿಗೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬಿಚ್ಚಿದವನು ನಾನೇ ತಾನೆ? ಹದಿಮೂರು ವರ್ಷದಲ್ಲಿ ನನ್ನ ಹೆಂಡತಿಯ ಮೇಲೆ ನನಗೆ ಅಷ್ಟೊಂದು ಪ್ರೀತಿ ಉಕ್ಕಿದ್ದು ಕಡಿಮೆ.

ಮಾವನವರು ಕೈಚೀಲದಿಂದ ತಮ್ಮ ಟ್ರಾನ್ಸಿಸ್ಟರು ರೇಡಿಯೋ ತೆಗೆದರು. "ಅಳಿಯಂದ್ರ, ಇದು ಸ್ವಲ್ಪ ಗೊರಗೊರ ಅಂತದ. ಗಾಡೀನ ಬಿಚ್ಚಿ ಜೋಡಿಸಿದವ್ರಿಗಿ ಇದೇನು ದೊಡ್ಡದು? ಆಪರೇಷನ್ ಆದಮ್ಯಾಲ ಮಲಗಿದಲ್ಲೇ ಬಾತ್ಮಿ ಕೇಳಬೇಕಲ್ಲ. ಒಂದ್ ಸಲ ಬಿಚ್ಚಿ ನೋಡ್ರಿ."

ನನ್ನ ಎದೆ ಉಬ್ಬಿತು. ರೇಡಿಯೋ! ಅದರಲ್ಲಿ ಏನು ಮಹಾ ಇದ್ದೀತು? ಸ್ಕ್ರೂಡ್ರೈವರು ತರಲು ಒಳಗೆ ಧಾವಿಸಿದೆ. ಸಾಮಾನಿನ ಡಬ್ಬಿಯಲ್ಲಿ ಇರಲಿಲ್ಲ. ಮಾಡದಲ್ಲಿ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತಿದ್ದ ಸುನಂದಾಳನ್ನು ಕೇಳಿದೆ. ಅವಳು ಗದ್ದ ಎತ್ತಿ ಬೀರುವಿನ ಕಡೆ ತೋರಿಸಿದಳು. ಸ್ಕ್ರೂಡ್ರೈವರನ್ನು ತನ್ನ ಒಡವೆಗಳ ಜೊತೆಗಿಟ್ಟು ಬೀಗ ಹಾಕಿದ್ದಳು. ಕೀಲಿಕೈ ಅವಳ ಸೊಂಟದಲ್ಲಿತ್ತು.